ಗಟ್ಟಿಮರಗಳ ಗುರುತು: ಹಾಸನ ಸೀಮೆಯ ಮರಗಳ ತೊಗಟೆ, ರಸ, ಎಲೆ ಮತ್ತು ಚೇಗು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಕಾಡು, ಹೊಲದ ಬದು, ಕೆರೆ ಅಂಗಳ, ಗುಂಡುತೋಪು ಮತ್ತು ಹೊಳೆದಂಡೆಗಳಲ್ಲಿ ಬೆಳೆಯುವ ಗಟ್ಟಿಮರಗಳನ್ನು ನೋಡಿ ಗುರುತಿಸುವ ಕ್ರಮವನ್ನು ಈ ಲೇಖನ ಪರಿಚಯಿಸುತ್ತದೆ. ಮಾಘದಿಂದ ಚೈತ್ರದವರೆಗೆ ಇಲ್ಲಿನ ಬಹುಪಾಲು ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಹೂವು ಕೆಲವೇ ವಾರ ಇರುತ್ತದೆ, ಕಾಯಿ ಹಲವು ಸಲ ಕೈಗೆಟುಕದ ಎತ್ತರದಲ್ಲಿರುತ್ತದೆ. ವರ್ಷವಿಡೀ ಕಣ್ಣಿನ ಮಟ್ಟದಲ್ಲಿ ಸಿಗುವುದು ತೊಗಟೆ. ಆದ್ದರಿಂದ ಗುರುತಿಸುವ ಕೆಲಸ ಅಲ್ಲಿಂದ ಶುರುವಾಗುತ್ತದೆ, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಗುರುತುಗಳಾದರೂ ಒಂದೇ ಹೆಸರನ್ನು ಹೇಳಿದಾಗ ಮಾತ್ರ ಮರದ ಹೆಸರು ಖಚಿತವಾಗುತ್ತದೆ.

ಗಟ್ಟಿಮರ ಎಂದರೆ ಯಾವುದು

ಸಸ್ಯವಿಜ್ಞಾನದಲ್ಲಿ ಹೂಬಿಡುವ ಅಗಲೆಲೆಯ ಮರಗಳೆಲ್ಲವೂ ಗಟ್ಟಿಮರಗಳ ಗುಂಪಿಗೆ ಸೇರುತ್ತವೆ. ಪೈನ್, ದೇವದಾರುಗಳಂಥ ಶಂಕುಧಾರಿ ಮರಗಳು ಮೆದುಮರಗಳು. ಈ ವಿಂಗಡಣೆಗೆ ಆಧಾರ ಮರದ ಒಳರಚನೆ. ಅಗಲೆಲೆಯ ಮರದ ದಿಮ್ಮಿಯನ್ನು ಅಡ್ಡ ಕೊಯ್ದರೆ ನೀರು ಸಾಗಿಸುವ ಕೊಳವೆಗಳ ಬಾಯಿಗಳು ಸಣ್ಣ ರಂಧ್ರಗಳಾಗಿ ಕಾಣುತ್ತವೆ. ಶಂಕುಧಾರಿಗಳಲ್ಲಿ ಅಂಥ ಕೊಳವೆಗಳಿಲ್ಲ. ಈ ಲೆಕ್ಕದಲ್ಲಿ ಹತ್ತಿಯಂತೆ ಹಗುರವಾದ ಬೂರುಗವೂ, ಸೂಜಿಯಂಥ ಕಡ್ಡಿಗಳಿಂದ ಪೈನ್ ಎಂಬ ಭ್ರಮೆ ಹುಟ್ಟಿಸುವ ಸರ್ವೆಯೂ ಗಟ್ಟಿಮರಗಳೇ.

ರೈತರು ಮತ್ತು ಬಡಗಿಗಳು ಗಟ್ಟಿ ಎನ್ನುವುದು ಚೇಗು ಕೂಡಿದ ಮರಕ್ಕೆ. ಚೇಗು ಎಂದರೆ ಕಾಂಡದ ನಡುವಿನ, ಬಣ್ಣ ತುಂಬಿದ, ಹುಳು ಹಿಡಿಯದ ಭಾಗ. ಅದರ ಸುತ್ತಲಿನ ತಿಳಿಬಣ್ಣದ ಹೊರಭಾಗ ಮರದ ಬದುಕಿಗೆ ಬೇಕಾದ ನೀರನ್ನು ಹೊರುತ್ತದೆಯಾದರೂ ನಾಟಾ ಆಗಿ ಬೇಗ ಕೆಡುತ್ತದೆ. ತೇಗದ ಒಣಗಿದ ಮರ ಘನಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ, ಮತ್ತಿ ಮತ್ತು ಕರಿಜಾಲಿಗಳು 800 ಕಿಲೋ ದಾಟುತ್ತವೆ. ಕಗ್ಗಲಿಯ ಚೇಗು ನೀರಿನಷ್ಟೇ ಭಾರ. ಈ ಲೇಖನದ ಹೆಚ್ಚಿನ ಮರಗಳು ಎರಡೂ ಅರ್ಥಗಳಲ್ಲಿ ಗಟ್ಟಿಯಾದವು.

ನೆಲ, ಮಳೆ ಮತ್ತು ಮರ

ಮರದ ಬುಡಕ್ಕೆ ಹೋಗುವ ಮೊದಲೇ ಸಿಗುವ ಸುಳಿವು ಅದು ನಿಂತ ನೆಲ. ಪಶ್ಚಿಮದ ಸಕಲೇಶಪುರದ ಕಡೆ 2000 ಮಿಲಿಮೀಟರು ದಾಟುವ ಮಳೆ, ಸುಮಾರು 75 ಕಿಲೋಮೀಟರು ಪೂರ್ವಕ್ಕಿರುವ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಮಲೆನಾಡು, ಅರೆಮಲೆನಾಡು, ಮೈದಾನ ಮೂರೂ ಬಂದುಹೋಗುತ್ತವೆ.

ಅರಕಲಗೂಡಿನ ಪಶ್ಚಿಮ ಭಾಗ ಮತ್ತು ಹಾಸನ ತಾಲ್ಲೂಕಿನ ಕೆಲವು ಗುಡ್ಡಗಳಲ್ಲಿ ಎಲೆಯುದುರುವ ಕಾಡಿನ ಮರಗಳಾದ ಮತ್ತಿ, ಹೊನ್ನೆ, ಬೀಟೆ, ನಂದಿ, ದಿಂಡಿಗಗಳನ್ನು ನಿರೀಕ್ಷಿಸಬಹುದು. ಚನ್ನರಾಯಪಟ್ಟಣದ ಕಡೆಯ ಒಣ ನೆಲ ಕಗ್ಗಲಿ, ಜಾಲಿ, ಬೇವು, ಹುಣಸೆಗಳದು. ರಾಮನಾಥಪುರ, ಕೊಣನೂರು ಕಡೆಯ ಕಾವೇರಿ ದಂಡೆಯಲ್ಲೂ ಗೊರೂರಿನಿಂದ ಹೊಳೆನರಸೀಪುರದತ್ತ ಹರಿಯುವ ಹೇಮಾವತಿಯ ದಂಡೆಯಲ್ಲೂ ಹೊಳೆಮತ್ತಿ, ಹೊಂಗೆ, ನೇರಳೆಗಳು ಬೇರೂರುತ್ತವೆ. ಹಳೆಯ ಗುಂಡುತೋಪುಗಳಲ್ಲಿ ಮಾವು, ಇಪ್ಪೆ, ಹುಣಸೆ, ನೇರಳೆಗಳನ್ನು ಜನರೇ ನೆಟ್ಟು ಬೆಳೆಸಿದ್ದಾರೆ. ನೆಟ್ಟ ಮರ ಎಲ್ಲಿ ಬೇಕಾದರೂ ಇರಬಹುದಾದ್ದರಿಂದ ನೆಲದ ಸುಳಿವನ್ನು ಕಾಡುಮರಗಳಿಗೆ ಮಾತ್ರ ನಂಬಿಕೆಯಿಂದ ಬಳಸಬೇಕು.

ತೊಗಟೆ ರೂಪುಗೊಳ್ಳುವ ಬಗೆ

ಮರಕ್ಕೂ ತೊಗಟೆಗೂ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಅದು ಒಳಗಡೆಗೆ ಮರವನ್ನೂ ಹೊರಗಡೆಗೆ ಒಳತೊಗಟೆಯನ್ನೂ ಕಟ್ಟುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಒಳತೊಗಟೆಯ ಮೂಲಕ ಬೇರಿಗೆ ಇಳಿಯುತ್ತದೆ. ಇದರ ಹೊರಗೆ ಬೆಂಡಿನ ಪದರಗಳನ್ನು ಹುಟ್ಟಿಸುವ ಇನ್ನೊಂದು ಜೀವಂತ ಪದರವಿದ್ದು, ನಾವು ಮುಟ್ಟುವ ಒರಟು ಹೊರತೊಗಟೆ ಅದರ ಫಲ.

ಕಾಂಡ ದಪ್ಪವಾದಂತೆ ಸತ್ತ ಹೊರಪದರ ಹಿಗ್ಗಲಾರದೆ ಬಿರಿಯುತ್ತದೆ. ಅದು ಹೇಗೆ ಬಿರಿಯುತ್ತದೆ ಎಂಬುದು ಆಯಾ ಜಾತಿಯ ಸ್ವಭಾವ. ಒಂದೇ ಬೆಂಡುಪದರ ಬಹುಕಾಲ ಉಳಿದು ಕಾಂಡದ ಜೊತೆಗೆ ಬೆಳೆದರೆ ಹೊಂಗೆಯಂತೆ ನಯವಾದ ತೊಗಟೆ ಬರುತ್ತದೆ. ಹೊಸ ಪದರಗಳು ಒಳಗೊಳಗೆ ತುಂಡುತುಂಡಾಗಿ ಹುಟ್ಟಿದರೆ ಹೊರಭಾಗ ಚಕ್ಕೆಗಳಾಗಿ ಒಡೆಯುತ್ತದೆ. ಸತ್ತ ಪದರ ಕಳಚದೆ ಅಲ್ಲೇ ಪೇರಿಕೊಂಡರೆ ಕರಿಜಾಲಿಯಂತೆ ಆಳವಾದ ಸೀಳುಗಳು ಮೂಡುತ್ತವೆ. ದಪ್ಪ ತೊಗಟೆ ಕಾಡ್ಗಿಚ್ಚಿನಿಂದ ಕ್ಯಾಂಬಿಯಂ ಅನ್ನು ಕಾಯುತ್ತದೆ. ಬೇಸಿಗೆಯಲ್ಲಿ ನೆಲಬೆಂಕಿ ಹರಿಯುವ ಕಾಡುಗಳಲ್ಲಿ ಮತ್ತಿ ಉಳಿದುಕೊಳ್ಳಲು ಇದೂ ಒಂದು ಕಾರಣ.

ತೊಗಟೆಗೆ ವಯಸ್ಸಿದೆ. ಎಳೆಯ ಮರದ ತೊಗಟೆ ಬಹುತೇಕ ಎಲ್ಲ ಜಾತಿಗಳಲ್ಲೂ ನಯವಾಗಿರುವುದರಿಂದ ಅದರಿಂದ ಹೆಚ್ಚು ತಿಳಿಯುವುದಿಲ್ಲ. ಬುಡದ ಹತ್ತಿರ ದನ ಮೈಯುಜ್ಜಿರುತ್ತದೆ, ಔಷಧಿಗೆಂದು ಚಕ್ಕೆ ಕೆತ್ತಿರುತ್ತಾರೆ, ತೇವವಿರುವ ಕಡೆ ಕಲ್ಲುಹೂವು ಮತ್ತು ಪಾಚಿ ಬಣ್ಣವನ್ನೇ ಮರೆಸಿರುತ್ತವೆ. ಅರಣ್ಯ ಇಲಾಖೆ ಮರದ ಸುತ್ತಳತೆ ತೆಗೆಯುವುದು ನೆಲದಿಂದ 1.37 ಮೀಟರು ಎತ್ತರದಲ್ಲಿ. ತೊಗಟೆಯನ್ನು ನೋಡಲೂ ಅದೇ ಎತ್ತರ ಸರಿ. ಬಲಿತ ಕಾಂಡವನ್ನು ಸುತ್ತ ನಡೆದು ನಾಲ್ಕೂ ಕಡೆಯಿಂದ ನೋಡಬೇಕು.

ತೊಗಟೆಯಿಂದ ಗುಂಪು

ಆಳವಾಗಿ ಬಿರಿದ ಕಪ್ಪು ತೊಗಟೆ. ಈ ಗುಂಪಿನಲ್ಲಿ ಮೊದಲು ಹೇಳಬೇಕಾದುದು ಮತ್ತಿ ಅಥವಾ ಕರಿಮತ್ತಿ, ಟರ್ಮಿನೇಲಿಯ ಎಲಿಪ್ಟಿಕ. ಉದ್ದ ಸೀಳುಗಳನ್ನು ಅಡ್ಡ ಬಿರುಕುಗಳು ಕತ್ತರಿಸಿ, ಇಡೀ ಕಾಂಡ ಮೊಸಳೆಯ ಬೆನ್ನಿನಂತೆ ಆಯತಾಕಾರದ ಬಿಲ್ಲೆಗಳಾಗಿ ಕಾಣುತ್ತದೆ. ಎಲೆಯನ್ನು ಮಗುಚಿ ನೋಡಿದರೆ ನಡುನರದ ಬುಡದಲ್ಲಿ ಒಂದೆರಡು ಸಣ್ಣ ಗ್ರಂಥಿಗಳಿರುತ್ತವೆ. ಕಾಯಿಗೆ ಐದು ಅಗಲವಾದ ರೆಕ್ಕೆಗಳು. ಕರಿಜಾಲಿ ಅಥವಾ ಗೊಬ್ಬಳಿ, ವಾಚೆಲ್ಲಿಯ ನೈಲೋಟಿಕ, ಕೆರೆ ಅಂಗಳದ ಮರ. ಇದರ ಸೀಳುಗಳು ಉದ್ದಕ್ಕೆ ಮಾತ್ರ ಓಡುತ್ತವೆ. ಜೋಡಿಯಾದ ನೆಟ್ಟನೆಯ ಬಿಳಿ ಮುಳ್ಳು, ಹಳದಿ ಗುಂಡು ಹೂಗೊಂಚಲು, ಬೀಜಬೀಜದ ನಡುವೆ ಸೊಂಟ ಹಿಡಿದಂತೆ ಕಿರಿದಾಗುವ ಕಾಯಿ ಇದರ ಖಚಿತ ಗುರುತುಗಳು. ಹುಣಸೆಯ ತೊಗಟೆಯೂ ಕಡುಬೂದು ಬಣ್ಣದಲ್ಲಿ ಉದ್ದ ಅಡ್ಡ ಬಿರಿಯುತ್ತದೆ, ಆದರೆ ಬಿಲ್ಲೆಗಳು ಚಿಕ್ಕವು. ಎಳೆಯ ಎಲೆಯ ಹುಳಿ ಸಂಶಯವನ್ನು ತಕ್ಷಣ ಕಳೆಯುತ್ತದೆ.

ಪದರ ಕಳಚುವ ತಿಳಿಬಣ್ಣದ ತೊಗಟೆ. ಹೊಳೆಮತ್ತಿ, ಟರ್ಮಿನೇಲಿಯ ಅರ್ಜುನ, ಮತ್ತಿಯ ಹತ್ತಿರದ ನೆಂಟನಾದರೂ ತೊಗಟೆಯಲ್ಲಿ ಅದಕ್ಕೆ ಪೂರಾ ವಿರುದ್ಧ. ನಯವಾದ ಬೂದುಬಿಳಿ ತೊಗಟೆ ಅಗಲವಾದ ತೆಳು ಹಾಳೆಗಳಾಗಿ ಕಳಚಿ, ಕೆಳಗಿನ ಹಸಿರು ಮತ್ತು ಗುಲಾಬಿ ಛಾಯೆಯ ಹೊಸ ಪದರವನ್ನು ತೋರಿಸುತ್ತದೆ. ಬಲಿತ ಮರದ ಬುಡದಲ್ಲಿ ಆನಿಕೆಯಂತೆ ಚಾಚಿದ ಬೇರುಗಳಿರುತ್ತವೆ. ದಿಂಡಿಗ, ಅನೋಜೀಸಸ್ ಲ್ಯಾಟಿಫೋಲಿಯ, ಒಣಕಾಡಿನದು. ಅದರ ಚಕ್ಕೆಗಳು ಸಣ್ಣವು. ಅವು ಉದುರಿದ ಜಾಗದಲ್ಲಿ ಆಳವಿಲ್ಲದ ಗುಳಿಗಳು ಉಳಿಯುತ್ತವೆ. ಚಳಿಗಾಲದಲ್ಲಿ ಎಲೆಗಳು ತಾಮ್ರಗೆಂಪಾಗುವುದರಿಂದ ದೂರದ ಗುಡ್ಡದ ಮೇಲೂ ಇದನ್ನು ಗುರುತಿಸಬಹುದು. ನಂದಿ, ಲ್ಯಾಗರ್‌ಸ್ಟ್ರೋಮಿಯ ಮೈಕ್ರೊಕಾರ್ಪ, ಹೆಚ್ಚು ಮಳೆಯ ಕಡೆಗೆ ಒಲಿದ ಎತ್ತರದ ನೇರ ಮರ. ಇದರ ತೊಗಟೆ ಉದ್ದನೆಯ ಕಾಗದದಂಥ ಪಟ್ಟೆಗಳಾಗಿ ಸುಲಿಯುತ್ತದೆ. ಬೇಸಿಗೆಯಲ್ಲಿ ಬಿಳಿ ಹೂಗೊಂಚಲು ಬಿಡುತ್ತದೆ. ಬಿಳಿಜಾಲಿ, ವಾಚೆಲ್ಲಿಯ ಲ್ಯೂಕೋಫ್ಲೋಯಿಯ, ಮುಳ್ಳಿರುವುದರಿಂದ ಈ ಗುಂಪಿನ ಉಳಿದವುಗಳಿಂದ ಬೇರೆಯಾಗಿ ನಿಲ್ಲುತ್ತದೆ. ನೀಲಗಿರಿಯೂ ತೊಗಟೆ ಸುಲಿಯುತ್ತದೆ, ಆದರೆ ಎಲೆ ಹಿಸುಕಿದೊಡನೆ ಬರುವ ಎಣ್ಣೆಯ ವಾಸನೆ ಅದನ್ನು ಸಾರಿ ಹೇಳುತ್ತದೆ.

ನಾರುನಾರಾಗಿ ಏಳುವ ತೊಗಟೆ. ತೇಗದ ತೊಗಟೆ ಬೂದುಗಂದು, ಆಳವಿಲ್ಲದ ಉದ್ದ ಸೀಳುಗಳು, ತೆಳುವಾದ ಉದ್ದ ಪಟ್ಟಿಗಳಾಗಿ ಬಿಡುತ್ತದೆ. ಎದುರುಬದುರಾದ ಭಾರಿ ಒರಟು ಎಲೆ, ನಾಲ್ಕು ಮೂಲೆಯ ಎಳೆಕೊಂಬೆ, ಚಿಗುರನ್ನು ಅಂಗೈಯಲ್ಲಿ ಉಜ್ಜಿದಾಗ ಬರುವ ಕೆಂಪು ರಸ, ಈ ಮೂರು ಸೇರಿದರೆ ಅನುಮಾನ ಉಳಿಯುವುದಿಲ್ಲ. ಬೀಟೆ, ಡಾಲ್ಬರ್ಜಿಯ ಲ್ಯಾಟಿಫೋಲಿಯ, ಬೂದು ಬಣ್ಣದ ತೆಳು ತೊಗಟೆಯ ಮರ. ಚಿಕ್ಕ ಬಿರುಕುಗಳಿಂದ ನಾರಿನ ಚಕ್ಕೆಗಳು ಏಳುತ್ತವೆ. ಕಗ್ಗಲಿಯ ಕೆಂಗಂದು ತೊಗಟೆ ಕಿರಿದಾದ ಪಟ್ಟಿಗಳಾಗಿ ಏಳುತ್ತದೆ. ಎಲೆಯ ಬುಡದಲ್ಲಿ ಕೊಕ್ಕೆಯಂತೆ ಬಾಗಿದ ಜೋಡಿಮುಳ್ಳುಗಳಿವೆ. ವೀಳ್ಯಕ್ಕೆ ಬಳಸುವ ಕಾಚು ಬರುವುದು ಈ ಬಳಗದ ಮರದ ಚೇಗನ್ನು ಕುದಿಸಿ.

ನಯವಾದ ತೊಗಟೆ. ಹೊಂಗೆಯ ಬೂದುಹಸಿರು ತೊಗಟೆಯ ಮೇಲೆ ಸಣ್ಣ ಗುಳ್ಳೆಗಳಂಥ ಉಸಿರುರಂಧ್ರಗಳಿರುತ್ತವೆ. ಹೊಳೆಯುವ ಐದರಿಂದ ಒಂಬತ್ತು ಕಿರುಎಲೆಗಳು, ಒಂದೇ ಬೀಜದ ದಪ್ಪ ಕಾಯಿ. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದ್ದು, ಹೊಂಗೆ, ಬೇವು, ಇಪ್ಪೆಗಳಂಥ ಎಣ್ಣೆಬೀಜದ ಮರಗಳನ್ನು ಹತ್ತಿರದಿಂದ ನೋಡಲು ಅದು ಒಳ್ಳೆಯ ಜಾಗ. ನೇರಳೆಯ ತಿಳಿಬೂದು ತೊಗಟೆಯಲ್ಲಿ ಚಕ್ಕೆ ಬಿದ್ದ ತೇಪೆಗಳು ಕಾಣುತ್ತವೆ. ಎಲೆಯ ಅಂಚಿಗೆ ಸಮಾನಾಂತರವಾಗಿ ಓಡುವ ನರ ಅದರ ಗುರುತು.

ಗೊಂದಲ ಹುಟ್ಟಿಸುವ ಮರಗಳು

ಬೀಟೆ ಮತ್ತು ಹೊನ್ನೆ. ಎರಡೂ ಅವರೆಯ ಕುಟುಂಬದವು. ಎರಡಕ್ಕೂ ಐದರಿಂದ ಏಳು ಕಿರುಎಲೆಗಳು ಎದುರುಬದುರಾಗಿರದೆ ಒಂದಾದ ಮೇಲೊಂದರಂತೆ ಇರುತ್ತವೆ, ತುದಿಯಲ್ಲಿ ಕಚ್ಚು ಇರುತ್ತದೆ. ಬೀಟೆಯ ಕಿರುಎಲೆ ಹೆಚ್ಚು ದುಂಡಗೆ, ಕಾಯಿ ತೆಳುವಾದ ಚಪ್ಪಟೆ ಸಿಪ್ಪೆ. ಹೊನ್ನೆ, ಟೆರೊಕಾರ್ಪಸ್ ಮಾರ್ಸೂಪಿಯಮ್, ದುಂಡನೆಯ ರೆಕ್ಕೆಯ ನಡುವೆ ಬೀಜವಿಟ್ಟುಕೊಂಡ ಕಾಯಿ ಬಿಡುತ್ತದೆ. ತೊಗಟೆಯಲ್ಲಿ ಹಳೆಯ ಗಾಯವಿದ್ದರೆ ಹೆಪ್ಪುಗಟ್ಟಿದ ರಕ್ತವರ್ಣದ ಅಂಟು ಕಾಣುತ್ತದೆ. ತೋಟಗಳಲ್ಲಿ ನೆಟ್ಟ ಶಿಸ್ಸು ಮರವನ್ನು ಬೀಟೆಯೆಂದು ತಿಳಿಯುವವರಿದ್ದಾರೆ. ಶಿಸ್ಸುವಿನ ಕಿರುಎಲೆಯ ತುದಿ ಚೂಪು.

ಬೇವು, ಹೆಬ್ಬೇವು ಮತ್ತು ಹುಚ್ಚುಬೇವು. ಬೇವಿನ ಎಲೆ ಒಂದೇ ಸಲ ಕವಲೊಡೆದು, ಗರಗಸದ ಅಂಚಿನ ಬಾಗಿದ ಕಿರುಎಲೆಗಳನ್ನು ಹೊತ್ತಿರುತ್ತದೆ. ಉಳಿದೆರಡರ ಎಲೆ ಎರಡು ಮೂರು ಸಲ ಕವಲೊಡೆಯುತ್ತದೆ. ಪ್ಲೈವುಡ್‌ಗಾಗಿ ಸಾಲುಸಾಲು ನೆಡುತ್ತಿರುವ ಹೆಬ್ಬೇವು ನೆಟ್ಟಗೆ ಬೇಗ ಏರುವ ಮರ. ಎಳೆಯ ಕಾಂಡ ನಯ, ಬಲಿತಂತೆ ಅಗಲವಾದ ಉದ್ದ ಸೀಳುಗಳು ಬರುತ್ತವೆ. ಬೇವಿನ ತೊಗಟೆಯ ಒಳಮೈ ಕೆಂಪುಗಂದು, ರುಚಿ ಕಹಿ.

ತೇಗ ಮತ್ತು ಶಿವನೆ. ಎರಡಕ್ಕೂ ಎದುರುಬದುರು ದೊಡ್ಡ ಎಲೆ. ಶಿವನೆಯ ಎಲೆ ಹೃದಯದಾಕಾರದ್ದು, ಒರಟಿಲ್ಲ, ಉಜ್ಜಿದರೆ ಕೆಂಪಾಗುವುದಿಲ್ಲ. ಹೂವು ಹಳದಿಗಂದು. ತೊಗಟೆ ತಿಳಿಬೂದು.

ಮೂರು ಟರ್ಮಿನೇಲಿಯಗಳು. ಮತ್ತಿ ಮತ್ತು ಹೊಳೆಮತ್ತಿಗಳ ಜೊತೆ ತಾರೆಯೂ ಇಲ್ಲಿ ಸಿಗುತ್ತದೆ. ತಾರೆಯ ತೊಗಟೆ ನೀಲಿಬೂದು, ಸಣ್ಣ ಉದ್ದಗೆರೆಗಳಿಂದ ಕೂಡಿದ್ದು. ಎಲೆಗಳು ಕೊಂಬೆಯ ತುದಿಯಲ್ಲಿ ಗುಂಪಾಗಿರುತ್ತವೆ. ಅದರ ಕಾಯಿಗೆ ರೆಕ್ಕೆಯೇ ಇಲ್ಲ. ಮರದ ಕೆಳಗೆ ಬಿದ್ದ ಒಂದು ಹಳೆಯ ಕಾಯಿ ಸಾಕು, ಮೂರನ್ನೂ ಬಿಡಿಸಬಹುದು.

ಶ್ರೀಗಂಧ. ಗಂಧದ ಮರವನ್ನು ವಾಸನೆಯಿಂದ ಗುರುತಿಸಬಹುದೆಂಬ ನಂಬಿಕೆ ಬಲವಾಗಿದೆ. ನಿಂತ ಮರದ ತೊಗಟೆಗಾಗಲಿ ಹೊರಮರಕ್ಕಾಗಲಿ ಪರಿಮಳವಿಲ್ಲ. ಪರಿಮಳವಿರುವುದು ಚೇಗು ಮತ್ತು ಬೇರಿನಲ್ಲಿ. ಗುರುತಿಸಲು ನೋಡಬೇಕಾದುದು ಬಲಿತ ಮರದ ಕಡುಬಣ್ಣದ ಉದ್ದ ಬಿರುಕಿನ ತೊಗಟೆ, ಜೋತುಬಿದ್ದ ತೆಳು ಕೊಂಬೆಗಳು, ಎದುರುಬದುರಾದ ನಯ ಎಲೆಗಳು, ತಿಳಿಬಣ್ಣದಿಂದ ಕಡುಗೆಂಪಿಗೆ ತಿರುಗುವ ಸಣ್ಣ ಹೂಗಳು, ಕಪ್ಪುನೇರಳೆ ಬಣ್ಣದ ಹಣ್ಣು. ಇದು ಪಕ್ಕದ ಗಿಡಗಳ ಬೇರಿನಿಂದ ಆಹಾರ ಹೀರುವ ಅರೆಪರಾವಲಂಬಿ. ಆದ್ದರಿಂದ ಬೇಲಿ ಪೊದೆಗಳ ನಡುವೆ ಹೆಚ್ಚು ಕಾಣುತ್ತದೆ.

ರಸ, ಮುಳ್ಳು, ಎಲೆಯ ಜೋಡಣೆ

ತೊಗಟೆಯ ನಂತರ ಹೆಚ್ಚು ನಂಬಬಹುದಾದುದು ರಸ. ಇಪ್ಪೆ, ಹಲಸು, ಆಲ, ಅರಳಿ, ಅತ್ತಿಗಳಲ್ಲಿ ಬಿಳಿಹಾಲು ಬರುತ್ತದೆ. ಹೊನ್ನೆ ಮತ್ತು ಮುತ್ತುಗಗಳಲ್ಲಿ ಕೆಂಪು ಅಂಟು. ಬೇವು, ಜಾಲಿ, ದಿಂಡಿಗಗಳಲ್ಲಿ ಒಣಗಿ ಗಟ್ಟಿಯಾಗುವ ತಿಳಿಗೋಂದು. ಇದನ್ನು ನೋಡಲು ಒಂದು ಎಲೆ ಕಿತ್ತರೆ ಅಥವಾ ಹಳೆಯ ಗಾಯವನ್ನು ನೋಡಿದರೆ ಸಾಕು. ಕಾಂಡಕ್ಕೆ ಕತ್ತಿ ಹಾಕುವುದು ಬೇಡ. ಹೊಳೆಮತ್ತಿಯ ತೊಗಟೆಯನ್ನು ಔಷಧಿಗೆಂದು ಸುತ್ತಲೂ ಕೆತ್ತಿದರೆ ಆಹಾರದ ದಾರಿ ಕಡಿದು ಮರವೇ ಒಣಗುತ್ತದೆ.

ಮುಳ್ಳುಗಳಲ್ಲಿ ಎರಡು ಬಗೆ. ಬೂರುಗದ ಕಾಂಡದ ಮೇಲಿನ ಶಂಕುವಿನಾಕಾರದ ಮುಳ್ಳುಗಳು ತೊಗಟೆಯ ಭಾಗವಾಗಿದ್ದು, ಮರ ಬಲಿತಂತೆ ಬುಡದಲ್ಲಿ ಮಾಯವಾಗುತ್ತವೆ. ಜಾಲಿಯ ಮುಳ್ಳು ಎಲೆಯ ಬುಡದಲ್ಲಿ ಜೋಡಿಯಾಗಿ ಹುಟ್ಟುತ್ತದೆ, ಕೊಂಬೆಗಳಲ್ಲಿ ಹುಡುಕಬೇಕು.

ಎಲೆಯಲ್ಲಿ ಮೊದಲು ನೋಡಬೇಕಾದುದು ಗಾತ್ರಕ್ಕಿಂತ ಜೋಡಣೆ. ಒಂದೇ ಮರದಲ್ಲೂ ಎಲೆಯ ಗಾತ್ರ ಬದಲಾಗುತ್ತದೆ, ಜೋಡಣೆ ಬದಲಾಗುವುದಿಲ್ಲ. ತೇಗ, ಶಿವನೆ, ಶ್ರೀಗಂಧ, ನೇರಳೆ, ಹೆದ್ದಿಗಳಲ್ಲಿ ಎಲೆಗಳು ಎದುರುಬದುರು. ಇಪ್ಪೆ ಮತ್ತು ತಾರೆಗಳಲ್ಲಿ ಕೊಂಬೆಯ ತುದಿಗೆ ಗುಂಪು. ಬೀಟೆ, ಹೊನ್ನೆ, ಹೊಂಗೆ, ಬೇವುಗಳಲ್ಲಿ ಒಂದೇ ಕಡ್ಡಿಗೆ ಹಲವು ಕಿರುಎಲೆಗಳು. ಬೋಳಾದ ಮರದಲ್ಲೂ ಕೊಂಬೆಯ ಮೇಲೆ ಉಳಿದ ಎಲೆಗಾಯಗಳು ಈ ಜೋಡಣೆಯನ್ನು ತೋರಿಸುತ್ತವೆ.

ಕಡಿದ ದಿಮ್ಮಿಯ ಗುರುತು

ಮರದ ಮಂಡಿಗೆ ಬಂದ ದಿಮ್ಮಿಗೆ ಎಲೆಯಿಲ್ಲ, ಹಲವು ಸಲ ತೊಗಟೆಯೂ ಇಲ್ಲ. ಅಲ್ಲಿ ಬಣ್ಣ, ತೂಕ, ವಾಸನೆ ಮತ್ತು ರಂಧ್ರಗಳ ಜೋಡಣೆಯೇ ಆಧಾರ. ಅಡ್ಡ ಕೊಯ್ದ ಮುಖವನ್ನು ಹರಿತವಾದ ಅಲಗಿನಿಂದ ನಯಗೊಳಿಸಿ, ಹತ್ತುಪಟ್ಟು ದೊಡ್ಡದು ಮಾಡುವ ಕೈಮಸೂರದಿಂದ ನೋಡಬೇಕು. ತೇಗ ಮತ್ತು ಹೆಬ್ಬೇವುಗಳಲ್ಲಿ ದೊಡ್ಡ ರಂಧ್ರಗಳು ವರ್ಷಬಳೆಯ ಆರಂಭದಲ್ಲಿ ಸಾಲುಗಟ್ಟಿರುತ್ತವೆ. ಮತ್ತಿಯಲ್ಲಿ ಅವು ಎಲ್ಲೆಡೆ ಹರಡಿರುತ್ತವೆ. ತೇಗದ ಮೈ ಜಿಡ್ಡುಜಿಡ್ಡು, ವಾಸನೆ ಹದ ಮಾಡಿದ ಚರ್ಮದ್ದು. ಬೀಟೆಯ ಚೇಗು ಕಡುನೇರಳೆ ಬಣ್ಣದ್ದು, ಕಪ್ಪು ಗೆರೆಗಳುಳ್ಳದ್ದು. ಹೆದ್ದಿ ಮತ್ತು ಹಲಸು ಹಳದಿ. ಹಲಸಿನ ಹಳದಿ ಕಾಲಕ್ರಮದಲ್ಲಿ ಕಂದಾಗುತ್ತದೆ. ಬೀಟೆ ಮತ್ತು ಹೊನ್ನೆಯ ಉದ್ದ ಕೊಯ್ದ ಮೈಯಲ್ಲಿ ನೀರಿನ ಕಿರುತೆರೆಗಳಂಥ ಅಡ್ಡಗೆರೆಗಳು ಕಾಣುತ್ತವೆ. ಹೊನ್ನೆಯ ಚೂರನ್ನು ನೀರಿಗೆ ಹಾಕಿ ಬೆಳಕಿಗೆ ಹಿಡಿದರೆ ನೀಲಿಛಾಯೆ ಬರುತ್ತದೆ, ಇದು ಬೀಟೆಯಲ್ಲಿಲ್ಲ.

ಯಾವ ಕೆಲಸಕ್ಕೆ ಯಾವ ಮರ ಎಂಬ ಹಳ್ಳಿಯ ತಿಳಿವಳಿಕೆಯೂ ಇದೇ ಗುಣಗಳ ಮೇಲೆ ನಿಂತಿದೆ. ಪೆಟ್ಟು ತಡೆಯುವ ಕರಿಜಾಲಿ ನೇಗಿಲಿಗೂ ಗಾಡಿಚಕ್ರಕ್ಕೂ, ಬಾಗಿದರೂ ಮುರಿಯದ ದಿಂಡಿಗ ಕೊಡಲಿ ಕಾವಿಗೂ ಅಚ್ಚಿಗೂ, ಭಾರ ಹೊರುವ ಮತ್ತಿ ತೊಲೆಗೂ, ನೀರಿನಲ್ಲಿ ಕೊಳೆಯದ ನೇರಳೆ ಬಾವಿಯ ಕೆಲಸಕ್ಕೂ, ಬಿಸಿಲು ಮಳೆಗೆ ಸೊಟ್ಟಗಾಗದ ತೇಗ ಬಾಗಿಲಿಗೂ ಸಂದವು. ಕಬ್ಬಿಣದ ಉಪಕರಣ ಮತ್ತು ಟ್ರ್ಯಾಕ್ಟರ್ ಬಂದ ಮೇಲೆ ಈ ಬಳಕೆ ಕುಗ್ಗಿತು. ಬಳಕೆ ಕುಗ್ಗಿದಂತೆ ಮರ ನೋಡಿ ಹೆಸರು ಹೇಳುವ ಕಣ್ಣುಗಳೂ ಕಡಿಮೆಯಾಗುತ್ತಿವೆ. ಇದು ನಿಜವಾದ ನಷ್ಟ, ಏಕೆಂದರೆ ಪುಸ್ತಕಗಳು ಒಣಗಿಸಿದ ಎಲೆ ಹೂಗಳನ್ನು ಹೆಚ್ಚು ವಿವರಿಸುತ್ತವೆ. ನಿಂತ ಮರದ ತೊಗಟೆಯ ಅರಿವು ಬಹುಮಟ್ಟಿಗೆ ಬಾಯಿಮಾತಿನಲ್ಲೇ ಉಳಿದಿದೆ.

ಅಧ್ಯಯನ

1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಕಾಡುಮರಗಳನ್ನು ಅವುಗಳ ಕನ್ನಡ ಹೆಸರುಗಳೊಡನೆ ದಾಖಲಿಸಿದ. ಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಜೆ. ಎಸ್. ಗ್ಯಾಂಬಲ್ 1881ರಲ್ಲಿ ಹೊರತಂದ ಭಾರತೀಯ ನಾಟಾಗಳ ಕೈಪಿಡಿ ಮರದ ಒಳರಚನೆಯಿಂದ ಗುರುತಿಸುವ ಕೆಲಸಕ್ಕೆ ತಳಹದಿ ಹಾಕಿತು.

ಹಾಸನ ಜಿಲ್ಲೆಗೆ ತನ್ನದೇ ಆದ ಸಸ್ಯಗ್ರಂಥ ದೊರೆತದ್ದು 1976ರಲ್ಲಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಿಸಿಲ್ ಜೆ. ಸಲ್ಡಾನ್ಹ ಮತ್ತು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ಎಚ್. ನಿಕೋಲ್ಸನ್ ಸಂಪಾದಿಸಿದ ‘ಫ್ಲೋರ ಆಫ್ ಹಾಸನ್ ಡಿಸ್ಟ್ರಿಕ್ಟ್’ ಮಲೆನಾಡಿನಿಂದ ಮೈದಾನದವರೆಗಿನ ಇಲ್ಲಿನ ಸಸ್ಯಗಳನ್ನು ಒಂದೆಡೆ ತಂದಿತು. ಸಲ್ಡಾನ್ಹ ಮುಂದೆ ಇಡೀ ಕರ್ನಾಟಕದ ಸಸ್ಯಗ್ರಂಥದ ಕೆಲಸಕ್ಕೆ ತೊಡಗಿದರು. ಅದರ ಮೊದಲ ಸಂಪುಟ 1984ರಲ್ಲಿ ಬಂತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪ್ರಕಟವಾದದ್ದೂ 1976ರಲ್ಲೇ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಸಸ್ಯಗಳನ್ನು ಗುರುತಿಸುವ ಕೆಲಸವನ್ನು ಕನ್ನಡದ ಸಾಮಾನ್ಯ ಓದುಗರಿಗೆ ಹತ್ತಿರ ತಂದ ಕೃತಿಯದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನಾಟಾ ಮಾದರಿಗಳ ಸಂಗ್ರಹವಿದೆ.

ಕಾನೂನು ಮತ್ತು ಸಂರಕ್ಷಣೆ

ಮರದ ಹೆಸರಿನ ಮೇಲೆ ಕಾನೂನೂ ನಿಂತಿದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ಸರ್ವೆ, ಸುಬಾಬುಲ್ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ರಾಮನಾಥಪುರದ ಸುತ್ತಿನ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆ ಬೇಕಾಗುವ ಅರಕಲಗೂಡಿನಂಥ ಕಡೆ, ವಿನಾಯಿತಿಯ ಮರ ಯಾವುದು, ಉಳಿಸಬೇಕಾದ ಮರ ಯಾವುದು ಎಂದು ತಿಳಿದಿರುವುದು ರೈತನಿಗೂ ಕಾಡಿಗೂ ಒಳ್ಳೆಯದು. ಟಿಪ್ಪು ಸುಲ್ತಾನನ ಕಾಲದಿಂದ ರಾಜವೃಕ್ಷವಾಗಿದ್ದ ಶ್ರೀಗಂಧದ ಒಡೆತನ 2001ರ ತಿದ್ದುಪಡಿಯಿಂದ ಬೆಳೆದವರಿಗೆ ದೊರೆಯಿತು. ಕಡಿಯುವುದು ಮತ್ತು ಸಾಗಿಸುವುದು ಈಗಲೂ ಇಲಾಖೆಯ ನಿಯಮಕ್ಕೆ ಒಳಪಟ್ಟಿದೆ. ಬೀಟೆಯ ಇಡೀ ಬಳಗವನ್ನು 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಗಿದೆ.

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದರಲ್ಲಿ ಮರಗಳ ಹೆಸರಿನ ಪಟ್ಟಿಯಷ್ಟೇ ಇದ್ದರೆ ಸಾಲದು. ಊರಿನ ಗುಂಡುತೋಪು, ದೇವರಕಾಡು, ಹೊಳೆದಂಡೆಯ ಒಂದೊಂದು ಹಳೆಯ ಮರಕ್ಕೂ ಎದೆಮಟ್ಟದ ತೊಗಟೆಯ ಚಿತ್ರ, ಎಲೆಯ ಜೋಡಣೆ, ರಸದ ಬಣ್ಣ, ಕೆಳಗೆ ಬಿದ್ದ ಕಾಯಿ, ಅಲ್ಲಿನವರು ಕರೆಯುವ ಹೆಸರು ಮತ್ತು ಬಳಕೆ ಸೇರಬೇಕು. ಬಡಗಿಗಳೂ ಹಿರಿಯ ರೈತರೂ ಹೇಳುವುದನ್ನು ಶಾಲೆಯ ಮಕ್ಕಳು ಬರೆದುಕೊಂಡರೆ ಈ ಕೆಲಸ ಹೆಚ್ಚು ಖರ್ಚಿಲ್ಲದೆ ಆಗುತ್ತದೆ. ಮುಂದೆ ರಸ್ತೆ ಅಗಲಿಸಲು ಸಾಲುಮರಗಳಿಗೆ ಗುರುತು ಹಾಕುವ ದಿನ ಬಂದರೆ, ಕಡಿಯಲು ಹೊರಟಿರುವುದು ಇಪ್ಪೆಯನ್ನೋ ಹೊನ್ನೆಯನ್ನೋ ಎಂದು ಊರಿನವರೇ ಆಧಾರಸಮೇತ ಹೇಳಿ, ಅದನ್ನು ಉಳಿಸಬೇಕೆಂದು ಕೇಳಬಹುದು.